ಹಂಚಿಹೋದ ಗುಣಗಳು: ಪಂಪನ ಕೃತಿಗಳಲ್ಲಿ ನಾಯಕನ ಲಕ್ಷಣ

ನಾಯಕನಾದವನಲ್ಲಿ ಇರಬೇಕಾದ ಗುಣಗಳಾವುವು ಎಂಬ ಪ್ರಶ್ನೆ ಭಾರತೀಯ ಚಿಂತನೆಗೆ ಹೊಸತಲ್ಲ. ರಾಜನೀತಿಯ ಗ್ರಂಥಗಳು ಅದನ್ನು ಒಂದು ಬಗೆಯಲ್ಲಿ ಎತ್ತಿಕೊಂಡಿವೆ. ಕಾವ್ಯಮೀಮಾಂಸೆ ಇನ್ನೊಂದು ಬಗೆಯಲ್ಲಿ ಎತ್ತಿಕೊಂಡಿದೆ. ಧೀರೋದಾತ್ತ, ಧೀರಲಲಿತ, ಧೀರೋದ್ಧತ, ಧೀರಪ್ರಶಾಂತ ಎಂಬ ನಾಯಕರ ವಿಂಗಡಣೆ ಸಂಸ್ಕೃತ ಲಾಕ್ಷಣಿಕರಿಂದ ಕನ್ನಡಕ್ಕೂ ಬಂದಿದೆ. ಶೌರ್ಯ, ಔದಾರ್ಯ, ಗಾಂಭೀರ್ಯ, ಸ್ಥೈರ್ಯ ಎಂದು ಗುಣಗಳನ್ನು ಸಾಲಾಗಿ ಹೇಳುವ ಪದ್ಧತಿ ಶಾಸನಗಳ ಪ್ರಶಸ್ತಿಭಾಗಗಳಲ್ಲಿ ಎಷ್ಟು ರೂಢವಾಗಿದೆಯೆಂದರೆ, ಒಬ್ಬ ಸಾಮಂತನ ಬಿರುದುಗಳ ಸಾಲನ್ನು ಮತ್ತೊಬ್ಬನ ಹೆಸರಿನ ಮುಂದಿಟ್ಟರೂ ಹೆಚ್ಚಿನ ವ್ಯತ್ಯಾಸ ತೋರದು. ಪಟ್ಟಿಯ ದೋಷವೇ ಇದು. ಎಲ್ಲ ಗುಣಗಳೂ ಒಬ್ಬನಲ್ಲಿಯೇ ನೆಲೆಸಿವೆ ಎಂದು ಅದು ಮೊದಲೇ ಒಪ್ಪಿಕೊಂಡುಬಿಡುತ್ತದೆ. ಲೋಕದಲ್ಲಿ ಹಾಗಿರುವುದಿಲ್ಲ.

ಕನ್ನಡ ಭಾಷೆಯೇ ಈ ವಿಷಯದಲ್ಲಿ ಒಂದು ಸೂಕ್ಷ್ಮವನ್ನು ಕಾಪಾಡಿಕೊಂಡು ಬಂದಿದೆ. 'ನಾಯಕ' ಎಂಬ ಸಂಸ್ಕೃತ ಶಬ್ದಕ್ಕೆ ಒಯ್ಯುವವನು, ನಡೆಸುವವನು ಎಂದರ್ಥ. ಅದಕ್ಕೆ ಸಮಾನವಾಗಿ ಕನ್ನಡದಲ್ಲಿ ಬಳಕೆಯಲ್ಲಿರುವ 'ಮುಂದಾಳು' ಎಂಬ ಮಾತಿನಲ್ಲಿ 'ಆಳು' ಇದ್ದಾನೆ. 'ಆಳ್' ಎಂಬುದು ಕ್ರಿಯಾಪದವಾದಾಗ ಆಳುವುದು, ಒಡೆತನ ನಡೆಸುವುದು. ನಾಮಪದವಾದಾಗ ಭಟ, ಸೇವಕ. ಆಳುವವನೂ ಆಳೂ ಒಂದೇ ಧ್ವನಿಯಲ್ಲಿ ಅಡಗಿರುವುದು ಆಕಸ್ಮಿಕವಿರಬಹುದು. ಆದರೂ ಮುಂದೆ ನಡೆಯುವವನು ಸಹ ಆಳುಗಳಲ್ಲಿ ಒಬ್ಬನೇ ಎಂಬ ಭಾವ ಆ ಶಬ್ದದಲ್ಲಿ ನಿಂತಿದೆ. ಹತ್ತನೆಯ ಶತಮಾನದ ಕನ್ನಡ ಕವಿಯೊಬ್ಬನು ಇದೇ ಭಾವವನ್ನು ತನ್ನ ಕಾವ್ಯದ ತುದಿಯಲ್ಲಿ ಬೇರೊಂದು ರೀತಿಯಲ್ಲಿ ಹೇಳಿದ್ದಾನೆ. ಆ ಕವಿ ಪಂಪ. ಅವನು ಹಾಗೆ ಹೇಳಿದ ನೆಲ ಇಂದಿನ ಕರ್ನಾಟಕದ ಹೊರಗಿದೆ ಎಂಬುದೂ ಗಮನಾರ್ಹ.

1

ಕ್ರಿ.ಶ. 902ರಲ್ಲಿ ಹುಟ್ಟಿದ ಪಂಪನು 941ರಲ್ಲಿ 'ಆದಿಪುರಾಣ'ವನ್ನು ಮುಗಿಸಿದನು. ಅದರೊಡನೆಯೇ ಎಂಬಂತೆ 'ವಿಕ್ರಮಾರ್ಜುನವಿಜಯ'ವನ್ನೂ ರಚಿಸಿದನು. ಒಂದರಲ್ಲಿ ಜಿನಾಗಮವನ್ನೂ ಇನ್ನೊಂದರಲ್ಲಿ ಲೌಕಿಕವನ್ನೂ ಬೆಳಗಿರುವುದಾಗಿ ಅವನೇ ಹೇಳಿಕೊಂಡಿದ್ದಾನೆ. ಅವನ ಆಶ್ರಯದಾತನಾದ ಇಮ್ಮಡಿ ಅರಿಕೇಸರಿ ರಾಷ್ಟ್ರಕೂಟರ ಸಾಮಂತನಾಗಿ ವೇಮುಲವಾಡದಿಂದ ಆಳಿದ ಚಾಲುಕ್ಯ ಶಾಖೆಯವನು. ಲೇಂಬುಳಪಾಟಕ ಎಂಬ ಹಳೆಯ ಹೆಸರಿನ ಆ ಊರು ಈಗ ತೆಲಂಗಾಣದ ರಾಜನ್ನ ಸಿರಿಸಿಲ್ಲ ಜಿಲ್ಲೆಯಲ್ಲಿದೆ. ಪಂಪನ ತಮ್ಮನಾದ ಜಿನವಲ್ಲಭನು ಬರೆಯಿಸಿದ ಕುರಿಕ್ಯಾಲದ ಬಂಡೆಶಾಸನ ಕರೀಂನಗರದ ಕಡೆಯಲ್ಲಿ, ಬೊಮ್ಮಲಗುಟ್ಟ ಎಂಬ ಬೆಟ್ಟದ ಮೇಲಿದೆ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳು ಆ ಒಂದೇ ಶಾಸನದಲ್ಲಿ ನೆಲೆ ಪಡೆದಿವೆ. ವೆಂಗಿಯ ಕಡೆಯ ಮನೆತನದವನು, ಪುಲಿಗೆರೆಯ ತಿರುಳ್ಗನ್ನಡವನ್ನು ಮೆಚ್ಚಿದವನು, ಬನವಾಸಿಯನ್ನು ನೆನೆದವನು ವೇಮುಲವಾಡದ ಆಸ್ಥಾನದಲ್ಲಿ ಕುಳಿತು ಕನ್ನಡದ ಮೇರುಕೃತಿಯನ್ನು ಬರೆದನು. ಒಂದು ಭಾಷೆಯ ಉತ್ತಮ ಕೃತಿ ಆ ಭಾಷೆಯ ನಡುನಾಡಿನಲ್ಲಿಯೇ ಹುಟ್ಟಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಅರಿಕೇಸರಿ ಕೇವಲ ಕಾವ್ಯಪ್ರಿಯನಾಗಿರಲಿಲ್ಲ. ರಾಷ್ಟ್ರಕೂಟ ಚಕ್ರವರ್ತಿಯಾದ ನಾಲ್ವಡಿ ಗೋವಿಂದ, ಅಂದರೆ ಗೊಜ್ಜಿಗ, ಮುನಿದು ಬಂದಾಗ ತನಗೆ ಶರಣಾದ ವಿಜಯಾದಿತ್ಯನನ್ನು ಒಪ್ಪಿಸದೆ ಕಾಪಾಡಿದ್ದು, ಚಕ್ರವರ್ತಿಯನ್ನೇ ಎದುರಿಸಿ ಸಾಮ್ರಾಜ್ಯವನ್ನು ಬದ್ದೆಗನಿಗೆ ದೊರಕಿಸಿದ್ದು ಅವನ ಬಾಳಿನ ಮುಖ್ಯ ಘಟನೆಗಳು. ಪಂಪನು ಇವನ್ನು ಕಾವ್ಯದಲ್ಲಿ ನೆನೆದಿದ್ದಾನೆ. ತನಗಿಂತ ಬಲಶಾಲಿಯಾದವನ ಮುನಿಸನ್ನು ಲೆಕ್ಕಿಸದೆ ನಂಬಿ ಬಂದವನನ್ನು ಉಳಿಸಿಕೊಳ್ಳುವುದು ಶರಣಾಗತರಕ್ಷಣೆ. ಅರಿಕೇಸರಿಯಲ್ಲಿ ಕವಿ ಕಂಡ ಮೊದಲ ಗುಣ ಇದು. ಬಿರುದುಗಳ ಪಟ್ಟಿಯಲ್ಲಿ ಬರುವ 'ಶರಣಾಗತವಜ್ರಪಂಜರ'ದಂತಹ ಮಾತುಗಳಿಗೆ ಇಲ್ಲಿ ಒಂದು ನಿಜವಾದ ಘಟನೆ ಆಧಾರವಾಗಿ ನಿಂತಿರುವುದು ವಿಶೇಷ.

ಇಂತಹ ಒಡೆಯನನ್ನು ಪಂಪನು ಅರ್ಜುನನೊಡನೆ ಅಭೇದವಾಗಿ ಕಲ್ಪಿಸಿಕೊಂಡು ಹದಿನಾಲ್ಕು ಆಶ್ವಾಸಗಳ ಕಾವ್ಯವನ್ನು ಕಟ್ಟಿದನು. ಅದಕ್ಕಾಗಿ ಮೂಲಕಥೆಯಲ್ಲಿ ಮಾರ್ಪಾಟುಗಳನ್ನು ಮಾಡಿಕೊಂಡನು. ದ್ರೌಪದಿ ಇಲ್ಲಿ ಅರ್ಜುನನೊಬ್ಬನ ಪತ್ನಿ. ಯುದ್ಧ ಮುಗಿದ ಮೇಲೆ ಪಟ್ಟವಾಗುವುದು ಧರ್ಮರಾಜನಿಗಲ್ಲ, ಸುಭದ್ರೆಯೊಡನೆ ಕುಳಿತ ಅರ್ಜುನನಿಗೆ. ಹೀಗೆ ಇಡೀ ಕಾವ್ಯದ ರಚನೆಯೇ ಒಬ್ಬ ನಾಯಕನನ್ನು ಎತ್ತಿ ನಿಲ್ಲಿಸುವುದಕ್ಕೆ ಅನುವಾಗಿದೆ. ಆದುದರಿಂದಲೇ ಕಾವ್ಯದ ಕೊನೆಯಲ್ಲಿ ಪಂಪನು ಮಾಡುವ ಒಂದು ಎಣಿಕೆ ಓದುಗನನ್ನು ತಡೆದು ನಿಲ್ಲಿಸುತ್ತದೆ.

2

ಭಾರತಕಥೆ ಲೋಕಪೂಜ್ಯವಾದುದು ಯಾರು ಯಾರಿಂದ ಎಂಬುದನ್ನು ಹೇಳುವ ಸಮಾಪ್ತಿಯ ಪದ್ಯವೊಂದು ಕನ್ನಡ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದು. ಅದರಲ್ಲಿ ಎಂಟು ಮಂದಿಗೆ ಒಂದೊಂದು ಗುಣ ಸಲ್ಲುತ್ತದೆ. ದುರ್ಯೋಧನನಿಗೆ ಚಲ, ಕರ್ಣನಿಗೆ ನನ್ನಿ, ಭೀಮನಿಗೆ ಗಂಡುತನ, ಶಲ್ಯನಿಗೆ ಬಲ, ಭೀಷ್ಮನಿಗೆ ಔನ್ನತ್ಯ, ದ್ರೋಣನಿಗೆ ಬಿಲ್ವಿದ್ಯೆ, ಅರ್ಜುನನಿಗೆ ಸಾಹಸ, ಧರ್ಮರಾಜನಿಗೆ ಧರ್ಮದಲ್ಲಿ ನೆಲೆಸಿದ ನಿರ್ಮಲವಾದ ಮನಸ್ಸು.

ಈ ಹಂಚಿಕೆಯಲ್ಲಿ ಎರಡು ಸಂಗತಿಗಳನ್ನು ಮನಗಾಣಬೇಕು. ಮೊದಲನೆಯದು, ಕಾವ್ಯದ ನಾಯಕನೂ ಕವಿಯ ಒಡೆಯನ ಪ್ರತಿರೂಪನೂ ಆದ ಅರ್ಜುನನಿಗೆ ಇಲ್ಲಿ ದೊರೆತಿರುವುದು ಎಂಟರಲ್ಲಿ ಒಂದು ಪಾಲು ಮಾತ್ರ. ಅವನ ಹೆಸರು ಬರುವುದೂ ಏಳನೆಯದಾಗಿ. ಅರಸನ ಎದುರಿನಲ್ಲಿ ಓದಬೇಕಾದ ಕಾವ್ಯದಲ್ಲಿ ಅರಸನಿಗೆ ಸಮನಾದವನ ಪಾಲನ್ನು ಹೀಗೆ ಅಳತೆಗೆ ತಕ್ಕಂತೆ ಕೊಟ್ಟ ಕವಿಯ ಧೈರ್ಯ ಸಾಮಾನ್ಯವಾದುದಲ್ಲ. ಅದನ್ನು ಸೈರಿಸಿದ ಅರಸನ ಮನಸ್ಸೂ ಸಾಮಾನ್ಯವಾದುದಲ್ಲ. ಆ ಅರಸನು ಕವಿಗೆ ಧರ್ಮವುರವೆಂಬ ಅಗ್ರಹಾರವನ್ನೇ ಇತ್ತನು.

ಎರಡನೆಯ ಸಂಗತಿ ಇನ್ನೂ ಮುಖ್ಯವಾದುದು. ಎಂಟು ಮಂದಿಯಲ್ಲಿ ಭೀಮ, ಅರ್ಜುನ, ಧರ್ಮರಾಜ ಈ ಮೂವರು ಗೆದ್ದ ಪಕ್ಷದವರು. ದುರ್ಯೋಧನ, ಕರ್ಣ, ಶಲ್ಯ, ಭೀಷ್ಮ, ದ್ರೋಣ ಈ ಐವರು ಸೋತ ಪಕ್ಷದವರು. ಅಂದರೆ ಭಾರತವನ್ನು ದೊಡ್ಡದಾಗಿಸಿದ ಗುಣಗಳಲ್ಲಿ ಹೆಚ್ಚಿನವು ಸೋತವರ ಪಾಳೆಯದಲ್ಲಿದ್ದವು. ಸೈನ್ಯದ ಎಣಿಕೆಯಲ್ಲಿ ಹನ್ನೊಂದಕ್ಕೆ ಏಳು ಅಕ್ಷೋಹಿಣಿ. ಗುಣಗಳ ಎಣಿಕೆಯಲ್ಲಿ ಐದಕ್ಕೆ ಮೂರು. ಹಾಗಾದರೆ ಕೌರವಪಕ್ಷ ಸೋತದ್ದೇಕೆ?

ಧರ್ಮ ಅತ್ತ ಇದ್ದುದರಿಂದ ಎಂಬುದು ಸಂಪ್ರದಾಯದ ಉತ್ತರ. ಅದು ಸುಳ್ಳಲ್ಲ. ಆದರೆ ಯುದ್ಧ ನಡೆದ ಕ್ರಮವನ್ನು ನೋಡಿದರೆ ಲೌಕಿಕವಾದ ಇನ್ನೊಂದು ಕಾರಣವೂ ಕಾಣುತ್ತದೆ. ಕೌರವರ ಕಡೆಯಲ್ಲಿ ಗುಣಗಳು ಎಂದೂ ಒಟ್ಟಾಗಿ ನಿಲ್ಲಲಿಲ್ಲ. ಒಂದರ ಹಿಂದೆ ಒಂದಾಗಿ ಬಿದ್ದುಹೋದವು. ಭೀಷ್ಮನ ಪಟ್ಟ ಹತ್ತು ದಿನ, ದ್ರೋಣನದು ಐದು ದಿನ, ಕರ್ಣನದು ಎರಡು ದಿನ, ಕೊನೆಯ ದಿನ ಶಲ್ಯನದು. ಭೀಷ್ಮನಿಗೆ ಸೇನಾಧಿಪತ್ಯದ ಪಟ್ಟ ಕಟ್ಟುವ ಪ್ರಸಂಗವನ್ನು ಪಂಪನು ಬಹು ಎಚ್ಚರದಿಂದ ಚಿತ್ರಿಸಿದ್ದಾನೆ. ಮುದುಕನಿಗೆ ಪಟ್ಟ ಕಟ್ಟಿ ಹಗೆಯನ್ನು ಗೆಲ್ಲುವುದುಂಟೇ ಎಂದು ಕರ್ಣನು ಹೀಯಾಳಿಸುತ್ತಾನೆ. ದ್ರೋಣನು ಅವನ ಕುಲವನ್ನೆತ್ತಿ ಗದರಿಸುತ್ತಾನೆ. ಕುಲವೆಂಬುದು ಹುಟ್ಟಲ್ಲ, ಚಲ, ಗುಣ, ಅಭಿಮಾನ, ಅಣ್ಮುಗಳೇ ಕುಲ ಎಂದು ಕರ್ಣನು ಮಾರುತ್ತರ ಕೊಡುತ್ತಾನೆ. ಭೀಷ್ಮನು ಮಾತ್ರ ಸಿಟ್ಟಾಗದೆ, ಯೌವನದ ಸೊಕ್ಕನ್ನು ನೆನಪಿಸಿ, ಕರ್ಣನ ಸರದಿಯೂ ಬರುವುದೆಂದು ತಿಳಿಸುತ್ತಾನೆ. ಕೊನೆಗೆ ಭೀಷ್ಮನು ಬೀಳುವವರೆಗೆ ತಾನು ಆಯುಧ ಹಿಡಿಯೆನೆಂದು ಕರ್ಣನು ಆಣೆಯಿಡುತ್ತಾನೆ.

ಈ ಪ್ರಸಂಗದಲ್ಲಿ ಸಾಮಾನ್ಯವಾಗಿ ಚರ್ಚೆಗೆ ಬರುವುದು ಕರ್ಣನ ಕುಲದ ಮಾತು. ಅದು ಸರಿಯೇ. ಆದರೆ ಅದೇ ಸಭೆಯಲ್ಲಿ ನಾಯಕತ್ವದ ದೊಡ್ಡ ಸೋಲೊಂದು ನಡೆದುಹೋದುದು ಅಷ್ಟಾಗಿ ಕಣ್ಣಿಗೆ ಬಿದ್ದಿಲ್ಲ. ನನ್ನಿ, ಔನ್ನತ್ಯ, ಬಿಲ್ವಿದ್ಯೆ ಮೂರೂ ಒಂದೇ ಸಭೆಯಲ್ಲಿ ಎದುರುಬದುರಾಗಿ ನಿಂತವು. ಒಡೆಯನಾದವನಿಂದ ಅವನ್ನು ಬೆಸೆಯಲಾಗಲಿಲ್ಲ. ಪರಿಣಾಮವಾಗಿ ಯುದ್ಧದ ಹದಿನೆಂಟು ದಿನಗಳಲ್ಲಿ ಹತ್ತು ದಿನ ಕರ್ಣನ ಬಿಲ್ಲು ಕೌರವರಿಗೆ ಇಲ್ಲವಾಯಿತು. ಭೀಷ್ಮ ಕರ್ಣರು ಮನಸ್ಸು ಬಿಚ್ಚಿ ಮಾತನಾಡಿದ್ದು ಭೀಷ್ಮನು ಶರಶಯ್ಯೆಯಲ್ಲಿ ಮಲಗಿದ ಮೇಲೆ. ಅಷ್ಟರಲ್ಲಿ ಒಬ್ಬನ ಕಾಲ ಮುಗಿದಿತ್ತು.

ಶಲ್ಯನ ವಿಷಯವೂ ಹಾಗೆಯೇ. ಪಾಂಡವರನ್ನು ಕೂಡಿಕೊಳ್ಳಲು ಹೊರಟಿದ್ದ ಆ ಸೋದರಮಾವನನ್ನು ದುರ್ಯೋಧನನು ದಾರಿಯಲ್ಲಿ ಸತ್ಕರಿಸಿ ತನ್ನ ಕಡೆಗೆ ಎಳೆದುಕೊಂಡನೆಂದು ವ್ಯಾಸಭಾರತದ ಉದ್ಯೋಗಪರ್ವ ಹೇಳುತ್ತದೆ. ಸತ್ಕಾರದಿಂದ ಬಲ ಬಂದಿತು, ಮನಸ್ಸು ಬರಲಿಲ್ಲ. ಕರ್ಣನ ಸಾರಥ್ಯವನ್ನು ಅವನಿಂದ ಮಾಡಿಸಿದಾಗ ರಥದ ಮೇಲೆ ಕುಳಿತ ಇಬ್ಬರ ಚಿತ್ತವೂ ಒಂದಾಗಲಿಲ್ಲ. ಎದುರಿನ ರಥದಲ್ಲಿಯಾದರೋ ಸಾರಥಿಗೂ ರಥಿಕನಿಗೂ ಭೇದವಿರಲಿಲ್ಲ. ಒಂದು ಪಕ್ಷದಲ್ಲಿ ಗುಣಗಳು ಹೆಚ್ಚು, ಹೊಂದಾಣಿಕೆ ಕಡಿಮೆ. ಇನ್ನೊಂದರಲ್ಲಿ ಗುಣಗಳು ಕಡಿಮೆ, ಹೊಂದಾಣಿಕೆ ಹೆಚ್ಚು. ಯುದ್ಧದ ಫಲವನ್ನು ನಿರ್ಣಯಿಸಿದ್ದು ಎರಡನೆಯದು.

ದುರ್ಯೋಧನನಲ್ಲಿ ನಾಯಕನ ಗುಣವೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಹಾಗೆ ಹೇಳಿದರೆ ಪಂಪನಿಗೆ ಅನ್ಯಾಯವಾಗುತ್ತದೆ. ಸಭೆಯೆಲ್ಲ ಕುಲವನ್ನು ಕೇಳಿದಾಗ ಯೋಗ್ಯತೆಯನ್ನು ಕಂಡು ಕರ್ಣನಿಗೆ ಅಂಗರಾಜ್ಯವನ್ನಿತ್ತವನು ಅವನು. ತನ್ನ ಅರಸಿಯೊಡನೆ ಕರ್ಣನು ನೆತ್ತವಾಡುತ್ತಿದ್ದ ಸಂದರ್ಭದಲ್ಲಿಯೂ ಸಂಶಯಕ್ಕೆ ಎಡೆಗೊಡದವನು. ಆ ನಂಬಿಕೆಗೆ ಪ್ರತಿಯಾಗಿಯೇ, ತನ್ನ ಹುಟ್ಟಿನ ಗುಟ್ಟನ್ನು ಅರಿತ ಮೇಲೆಯೂ ಕರ್ಣನು ಅವನನ್ನು ಬಿಡಲಿಲ್ಲ. ಯೋಗ್ಯನನ್ನು ಗುರುತಿಸುವುದು, ಗುರುತಿಸಿದವನನ್ನು ನಂಬುವುದು ಎಂಬ ಎರಡು ದೊಡ್ಡ ಗುಣಗಳು ಅವನಲ್ಲಿದ್ದವು. ಇಲ್ಲದಿದ್ದುದು ಮೂರನೆಯದು, ತನಗೆ ಹಿತವಲ್ಲದ ಮಾತನ್ನು ಕೇಳುವ ಗುಣ. ವಿದುರ, ಭೀಷ್ಮ, ಕೃಷ್ಣ ಹೇಳಿದುದೆಲ್ಲ ಅವನ ಚಲದ ಎದುರಿನಲ್ಲಿ ಬರಿಯ ಮಾತಾಯಿತು. ಚಲವೆಂಬುದು ಒಬ್ಬಂಟಿಯಾದ ವೀರನಿಗೆ ಭೂಷಣ. ಹಲವರ ಬಾಳು ತನ್ನ ಕೈಯಲ್ಲಿರುವವನಿಗೆ ಅದೇ ದೋಷವಾಗಬಲ್ಲದು.

ಈ ಮಾತಿಗೆ ರನ್ನನ 'ಸಾಹಸಭೀಮವಿಜಯ'ದಲ್ಲಿ ಪೂರಕವಾದ ಚಿತ್ರ ದೊರೆಯುತ್ತದೆ. ಎಲ್ಲವನ್ನೂ ಕಳೆದುಕೊಂಡ ದುರ್ಯೋಧನನು ಸಂಜಯನೊಡನೆ ರಣರಂಗದಲ್ಲಿ ನಡೆಯುತ್ತ ದ್ರೋಣನನ್ನು, ದುಶ್ಶಾಸನನನ್ನು, ಕರ್ಣನನ್ನು ಕಂಡು ಮರುಗುತ್ತಾನೆ. ಹಗೆಯ ಮಗನಾದ ಅಭಿಮನ್ಯುವಿನ ಶೌರ್ಯವನ್ನೂ ಕೊಂಡಾಡುತ್ತಾನೆ. ಸಂಧಿಯ ಮಾತನ್ನಾಡಿದ ಭೀಷ್ಮನಿಗೆ ತಾನು ಕಾದುವುದು ನೆಲಕ್ಕಾಗಿಯಲ್ಲ, ಚಲಕ್ಕಾಗಿ ಎಂದು ಹೇಳುತ್ತಾನೆ. ರನ್ನನ ದುರ್ಯೋಧನನು ಓದುಗನ ಕಣ್ಣಿನಲ್ಲಿ ಎತ್ತರಕ್ಕೇರುವುದು ಇಲ್ಲಿಯೇ. ಆದರೆ ಆ ಎತ್ತರ ಒಬ್ಬ ಮಹಾನುಭಾವನ ಎತ್ತರ, ನಾಯಕನ ಎತ್ತರವಲ್ಲ. ಆಗ ಅವನ ಹಿಂದೆ ನಡೆಯುವ ಸೈನ್ಯವೇ ಉಳಿದಿರಲಿಲ್ಲ. ವೀರನ ಗುಣವೂ ನಾಯಕನ ಗುಣವೂ ಒಂದೇ ಅಲ್ಲ ಎಂಬ ವಿವೇಕವನ್ನು ಹತ್ತನೆಯ ಶತಮಾನದ ಈ ಇಬ್ಬರು ಕವಿಗಳು ಒಂದೇ ಪಾತ್ರದ ಮೂಲಕ ಕಾಣಿಸಿದ್ದಾರೆ.

3

ಗುಣಗಳನ್ನು ಕೂಡಿಸುವುದು ಗೆಲ್ಲುವುದಕ್ಕೆ ಮೊದಲು ಬೇಕಾದ ಗುಣ. ಗೆದ್ದ ಮೇಲೆ ಬೇಕಾದ ಗುಣ ಬೇರೆ. ಅದನ್ನು ಪಂಪನು 'ಆದಿಪುರಾಣ'ದ ಭರತ ಬಾಹುಬಲಿಯರ ಪ್ರಸಂಗದಲ್ಲಿ ಪರೀಕ್ಷಿಸಿದ್ದಾನೆ.

ಆರು ಖಂಡಗಳನ್ನು ಗೆದ್ದ ಭರತಚಕ್ರವರ್ತಿ ತನ್ನ ಪ್ರಶಸ್ತಿಯನ್ನು ಕೆತ್ತಿಸಲು ವೃಷಭಾಚಲಕ್ಕೆ ಹೋಗುತ್ತಾನೆ. ಇಂತಹ ದಿಗ್ವಿಜಯ ಮಾಡಿದವನು ತಾನೊಬ್ಬನೇ ಎಂಬುದು ಅವನ ಎಣಿಕೆ. ಆದರೆ ಆ ಬೆಟ್ಟದ ಮೈಯೆಲ್ಲ ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳಿಂದ ತುಂಬಿಹೋಗಿದೆ; ಹೆಸರು ಬರೆಯಲು ಬೆರಳಗಲದ ಎಡೆಯಿಲ್ಲ. ಅವನ ಗರ್ವ ಅಲ್ಲಿಯೇ ಕರಗುತ್ತದೆ. ಕಡೆಗೆ ಹಿಂದಿನವನೊಬ್ಬನ ಬರಹವನ್ನು ಅಳಿಸಿ ತನ್ನದನ್ನು ಬರೆಯಿಸಬೇಕಾಗುತ್ತದೆ. ತಾನು ಅಳಿಸಿದಂತೆ ತನ್ನದನ್ನೂ ನಾಳೆ ಒಬ್ಬನು ಅಳಿಸುವನೆಂಬುದು ಹೇಳದೆಯೇ ಹೊಳೆಯುವ ಮಾತು. ಅಧಿಕಾರದಲ್ಲಿ ಕುಳಿತವನಿಗೆ ಬೇಕಾದ ಕಾಲಪ್ರಜ್ಞೆಯನ್ನು ಕಲಿಸುವ ಇಂತಹ ಪ್ರಸಂಗ ಕನ್ನಡ ಸಾಹಿತ್ಯದಲ್ಲಿ ವಿರಳ.

ಆದರೂ ಭರತನು ಪಾಠವನ್ನು ಪೂರ್ತಿಯಾಗಿ ಕಲಿಯಲಿಲ್ಲ. ಚಕ್ರರತ್ನವು ಅಯೋಧ್ಯೆಯ ಹೊರಗೆ ನಿಂತಾಗ ತಮ್ಮಂದಿರಿಂದಲೂ ತಲೆಬಾಗಿಸಿಕೊಳ್ಳಲು ಹೊರಟನು. ಬಾಹುಬಲಿ ಒಪ್ಪಲಿಲ್ಲ. ಸೈನ್ಯಗಳು ಎದುರಾದಾಗ ಮಂತ್ರಿಗಳು ನಡುವೆ ಬಂದು, ಇಬ್ಬರೂ ಚರಮದೇಹಿಗಳಾದುದರಿಂದ ಇವರಿಗೇನೂ ಆಗದು, ಸಾಯುವವರು ಎರಡು ಕಡೆಯ ಆಳುಗಳು ಮಾತ್ರ ಎಂದು ತಿಳಿಯಹೇಳಿ, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದ ಸೋಲುಗೆಲುವನ್ನು ನಿರ್ಣಯಿಸಿಕೊಳ್ಳುವಂತೆ ಮಾಡಿದರು. ಮಂತ್ರಿಗಳ ಆ ಮಾತಿನಲ್ಲಿ ಒಂದು ಕಟುಸತ್ಯವಿದೆ. ನಾಯಕರ ಅಭಿಮಾನದ ಬೆಲೆಯನ್ನು ತೆರುವವರು ಸಾಮಾನ್ಯವಾಗಿ ನಾಯಕರಲ್ಲ. ಈ ಸತ್ಯವನ್ನು ಇಬ್ಬರೂ ಒಪ್ಪಿಕೊಂಡುದರಿಂದ ಒಂದು ಕುರುಕ್ಷೇತ್ರ ತಪ್ಪಿತು. ಹಿತವಚನವನ್ನು ಕೇಳಿದ ಫಲ ಇಲ್ಲಿ, ಕೇಳದ ಫಲ ಅಲ್ಲಿ. ಎರಡನ್ನೂ ಒಬ್ಬನೇ ಕವಿ ಬರೆದಿದ್ದಾನೆ.

ಮೂರರಲ್ಲಿಯೂ ಬಾಹುಬಲಿ ಗೆದ್ದನು. ಅಣ್ಣನನ್ನು ಮೇಲಕ್ಕೆತ್ತಿದವನು ನೆಲಕ್ಕೆ ಅಪ್ಪಳಿಸದೆ ಮೆಲ್ಲನೆ ಇಳಿಸಿದನು. ಸೋಲಿನ ನಾಚಿಕೆಯಿಂದ ಭರತನು ಚಕ್ರವನ್ನು ಪ್ರಯೋಗಿಸಿದಾಗ ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಆಗ ಬಾಹುಬಲಿಗೆ ರಾಜ್ಯದಲ್ಲಿಯೇ ಹೇಸಿಕೆ ಹುಟ್ಟಿ, ಗೆದ್ದುದನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ಹೊರಟನು. ಇದನ್ನು ವೈರಾಗ್ಯದ ಕಥೆಯೆಂದು ಓದುವುದು ಪುರಾಣದ ಉದ್ದೇಶಕ್ಕೆ ತಕ್ಕುದಾಗಿದೆ. ಲೌಕಿಕದ ದೃಷ್ಟಿಯಿಂದ ನೋಡಿದರೆ, ಕೈಗೆ ಬಂದ ಅಧಿಕಾರವನ್ನು ಯಾವ ಗಳಿಗೆಯಲ್ಲಿ ಬಿಡಬೇಕೆಂಬ ಅರಿವೂ ಇದರಲ್ಲಿದೆ. ಬಿಡಲು ಬಲ್ಲವನ ಕೈಯಲ್ಲಿ ಅಧಿಕಾರವಿದ್ದಾಗ ಮಾತ್ರ ಜನ ನಿಶ್ಚಿಂತರಾಗಿರುತ್ತಾರೆ.

4

ಪಂಪನು ಕಾವ್ಯದಲ್ಲಿ ಕಾಣಿಸಿದುದನ್ನು ಶಾಸ್ತ್ರದಲ್ಲಿ ಹೇಳಿದವನೊಬ್ಬನು ಅದೇ ವೇಮುಲವಾಡದ ಆಶ್ರಯದಲ್ಲಿದ್ದನು ಎಂಬುದು ಸಂತೋಷದ ಸಂಗತಿ. ಅವನು ಸೋಮದೇವಸೂರಿ. ಅವನ 'ಯಶಸ್ತಿಲಕ'ವೆಂಬ ಸಂಸ್ಕೃತ ಚಂಪೂಕಾವ್ಯ ಮುಗಿದುದು ಕ್ರಿ.ಶ. 959ರಲ್ಲಿ, ಗಂಗಾಧಾರದಲ್ಲಿ, ಇಮ್ಮಡಿ ಅರಿಕೇಸರಿಯ ಮಗನಾದ ವಾಗರಾಜನ ಕಾಲದಲ್ಲಿ. 966ರ ಪರಭಣಿ ತಾಮ್ರಶಾಸನ ಮುಮ್ಮಡಿ ಅರಿಕೇಸರಿಯು ಲೇಂಬುಳಪಾಟಕದ ಶುಭಧಾಮ ಜಿನಾಲಯಕ್ಕಾಗಿ ಸೋಮದೇವನಿಗೆ ಮಾಡಿದ ದಾನವನ್ನು ತಿಳಿಸುತ್ತದೆ. ಇದೇ ಸೋಮದೇವನ ಇನ್ನೊಂದು ಕೃತಿ 'ನೀತಿವಾಕ್ಯಾಮೃತ'. ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ರಾಜನೀತಿಯನ್ನು ಸಂಗ್ರಹಿಸಿದ ಈ ಗ್ರಂಥದಲ್ಲಿ ಮೂವತ್ತೆರಡು ಸಮುದ್ದೇಶಗಳಿವೆ.

ಸೋಮದೇವನು ಗ್ರಂಥವನ್ನು ಆರಂಭಿಸುವಾಗ ಧರ್ಮ, ಅರ್ಥ, ಕಾಮಗಳನ್ನು ಫಲವಾಗಿ ಕೊಡುವ ರಾಜ್ಯಕ್ಕೆ ವಂದಿಸುತ್ತಾನೆ. ಜೈನಮುನಿಯೊಬ್ಬನು ಇಷ್ಟದೇವತೆಯ ಜೊತೆಗೆ ರಾಜ್ಯಕ್ಕೂ ಕೈಮುಗಿದಿರುವುದು ಕುತೂಹಲಕರ. ಆ ವಂದನೆ ಸಲ್ಲುವುದು ರಾಜ್ಯಕ್ಕೆ, ಅರಸನ ವ್ಯಕ್ತಿತ್ವಕ್ಕಲ್ಲ. ಗ್ರಂಥದ ವಿನ್ಯಾಸವೂ ಇದಕ್ಕೆ ಹೊಂದಿಕೊಂಡಿದೆ. ಧರ್ಮ, ಅರ್ಥ, ಕಾಮಗಳಾದ ಮೇಲೆ ಕಾಮ, ಕ್ರೋಧ, ಲೋಭ, ಮದ, ಮಾನ, ಹರ್ಷಗಳೆಂಬ ಅರಿಷಡ್ವರ್ಗದ ವಿಚಾರ. ಅನಂತರ ವಿದ್ಯಾವೃದ್ಧರ ಸಹವಾಸದ ವಿಚಾರ. ಮಂತ್ರಿ, ಪುರೋಹಿತ, ಸೇನಾಪತಿ, ದೂತ, ಚಾರರ ಲಕ್ಷಣಗಳೆಲ್ಲ ಮುಗಿದ ಮೇಲೆಯೇ 'ಸ್ವಾಮಿ' ಎಂಬ ಸಮುದ್ದೇಶ ಬರುತ್ತದೆ. ಹೊರಗಿನ ಹಗೆಯನ್ನು ಗೆಲ್ಲುವ ಮೊದಲು ಒಳಗಿನ ಹಗೆಯನ್ನು ಗೆಲ್ಲಬೇಕು. ಒಡೆಯನನ್ನು ಅಳೆಯುವ ಮೊದಲು ಅವನ ಸುತ್ತ ಇರುವವರನ್ನು ಅಳೆಯಬೇಕು ಎಂಬುದು ಈ ಕ್ರಮದಿಂದ ತಾನಾಗಿ ಹೊರಡುವ ಅರ್ಥ. ಆರು ಒಳಹಗೆಗಳಲ್ಲಿ ಹರ್ಷವನ್ನೂ ಸೇರಿಸಿರುವುದು ವಿಚಾರಾರ್ಹ. ಗೆಲುವಿನ ಉಬ್ಬು ಸಹ ನಾಯಕನನ್ನು ಕೆಡಿಸಬಲ್ಲದೆಂಬುದಕ್ಕೆ ವೃಷಭಾಚಲಕ್ಕೆ ಹೊರಟ ಭರತನೇ ಸಾಕ್ಷಿ.

ವೇಮುಲವಾಡದ ಈ ಇಬ್ಬರಿಗಿಂತ ಒಂದು ಶತಮಾನ ಮೊದಲೇ, ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲ ಶಕ್ತಿಯೇ ನಿಜವಾದ ಚಿನ್ನವೆಂದು ಹೇಳಿತ್ತು. ಸೈರಣೆಯನ್ನು ದೌರ್ಬಲ್ಯವೆಂದು ಎಣಿಸದೆ ಸಂಪತ್ತೆಂದು ಎಣಿಸಿದುದು ಕನ್ನಡದ ಮೊದಲ ಉಪಲಬ್ಧ ಗ್ರಂಥದ ಹಿರಿಮೆ. ದುರ್ಯೋಧನನ ಭಂಡಾರದಲ್ಲಿ ಇಲ್ಲದೆ ಹೋದುದು ಈ ಚಿನ್ನವೇ.

5

ಇಲ್ಲಿಯವರೆಗಿನ ನಿದರ್ಶನಗಳೆಲ್ಲ ಅರಸರವು, ಸೇನಾಪತಿಗಳವು. ಪದವಿಯಿಲ್ಲದ ನಾಯಕತ್ವವೂ ಉಂಟು. ರನ್ನನ ಆಶ್ರಯದಾತೆಯಾದ ಅತ್ತಿಮಬ್ಬೆಯನ್ನು ಇದಕ್ಕಾಗಿ ನೆನೆಯಬೇಕು. ಗಂಡನಾದ ನಾಗದೇವನು ಯುದ್ಧದಲ್ಲಿ ಮಡಿದ ಮೇಲೆ ಆಕೆ ತನ್ನ ಬಾಳನ್ನು ದಾನಕ್ಕೂ ಧರ್ಮಕ್ಕೂ ಮೀಸಲಿಟ್ಟಳು. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. 993ರಲ್ಲಿ ರನ್ನನಿಂದ 'ಅಜಿತಪುರಾಣ'ವನ್ನು ಬರೆಯಿಸಿದಳು. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಿ. ಓಲೆಗರಿಯ ಮೇಲೆ ಕಂಠದಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ಲಿಪಿಕಾರರ ಎಷ್ಟು ದಿನಗಳ ದುಡಿಮೆಯೆಂಬುದನ್ನು ಊಹಿಸಬಹುದು. ಕಾವ್ಯ ಬರೆದವನು ಬೇರೆ, ಓಲೆ ಒದಗಿಸಿದವರು ಬೇರೆ, ಪ್ರತಿ ಮಾಡಿದವರು ಬೇರೆ. ಆ ಎಲ್ಲ ಕೈಗಳನ್ನು ಒಂದು ಉದ್ದೇಶಕ್ಕೆ ಕೂಡಿಸಿದವಳು ಅತ್ತಿಮಬ್ಬೆ. ಆಕೆ ಎತ್ತಿ ನಿಲ್ಲಿಸಿದುದು ಮತ್ತೊಬ್ಬರ ಕೃತಿಯನ್ನು. ಪಂಪನ ಸಮಾಪ್ತಿಪದ್ಯ ಸೂಚಿಸುವ ನಾಯಕತ್ವದ ಪೂರ್ಣವಾದ ರೂಪ ಇದೇ ಎನ್ನಬಹುದು.

ಕರ್ನಾಟಕದ ಹೊರಗೆ ನೆಲೆಸಿದ ಕನ್ನಡಿಗರಿಗೆ ಈ ವಿಚಾರ ಕೇವಲ ಪಾಂಡಿತ್ಯದ ವಿಷಯವಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಕನ್ನಡಕ್ಕೆ ರಾಜ್ಯಾಧಿಕಾರದ ಬೆಂಬಲ ಸಹಜವಾಗಿ ದೊರೆಯುವಂತಿಲ್ಲ. ಅಲ್ಲಿ ಭಾಷೆ ಉಳಿದಿರುವುದು ಸಂಘಗಳಿಂದ, ಶಾಲೆಗಳಿಂದ, ರಂಗಭೂಮಿಯಿಂದ, ಪತ್ರಿಕೆಗಳಿಂದ, ವಿಶ್ವವಿದ್ಯಾಲಯದ ವಿಭಾಗಗಳಿಂದ. ಇವಾವುವೂ ಒಬ್ಬನ ಗುಣದಿಂದ ನಡೆಯುವಂತಹವಲ್ಲ. ಮುಂಬಯಿಯ ಕನ್ನಡ ರಾತ್ರಿಶಾಲೆಗಳನ್ನೇ ನೋಡಬಹುದು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರು ಇರುಳು ಪಾಟಿ ಹಿಡಿದು ಕುಳಿತರು. ಹಗಲು ಬೇರೆ ಉದ್ಯೋಗ ಮಾಡಿ ಬಂದವರು ಇರುಳು ಪಾಠ ಹೇಳಿದರು. ಉಳ್ಳವರು ಹಣ ಕೊಟ್ಟರು, ಇಲ್ಲದವರು ಹೊತ್ತು ಕೊಟ್ಟರು. ಇವರಲ್ಲಿ ಒಬ್ಬೊಬ್ಬರ ಗುಣವನ್ನೂ ಬಿಡಿಬಿಡಿಯಾಗಿ ತೂಗಿದರೆ ಅದು ಚಿಕ್ಕದಾಗಿ ಕಾಣಬಹುದು. ಕೂಡಿದಾಗ ತಲೆಮಾರುಗಳೇ ಅಕ್ಷರಸ್ಥರಾದವು.

ಇಂತಹ ಸಂಸ್ಥೆಗಳು ಸೊರಗುವುದಾದರೆ ಅದಕ್ಕೆ ಗುಣವಂತರ ಅಭಾವವೇ ಕಾರಣವಾಗಬೇಕಿಲ್ಲ. ಚಲವುಳ್ಳವರು, ನನ್ನಿಯವರು, ವಿದ್ಯೆಯವರು, ಬಲವುಳ್ಳವರು ಎಲ್ಲ ಇದ್ದೂ, ಒಬ್ಬನು ಇರುವವರೆಗೆ ಇನ್ನೊಬ್ಬನು ಬಾರೆನೆಂದು ಆಣೆಯಿಟ್ಟು ಕುಳಿತಾಗ ಸಂಘ ಬಡವಾಗುತ್ತದೆ. ಅದು ಭೀಷ್ಮನ ಪಟ್ಟಬಂಧದ ಸಭೆಯೇ ಮರಳಿ ನಡೆದಂತೆ. ಆ ಹೊತ್ತಿನಲ್ಲಿ ಬೇಕಾಗುವವನು ಎಲ್ಲರಿಗಿಂತ ಹೆಚ್ಚಿನ ಗುಣವುಳ್ಳವನಲ್ಲ. ಎಂಟು ಮಂದಿಯ ಎಂಟು ಗುಣಗಳನ್ನು ಸರಿಯಾಗಿ ಹೆಸರಿಸಬಲ್ಲವನು, ಆ ಎಣಿಕೆಯಲ್ಲಿ ತನ್ನ ಹೆಸರು ಏಳನೆಯದಾಗಿ ಬಂದರೂ ಕುಂದೆಂದು ಭಾವಿಸದವನು, ತನ್ನ ಸರದಿ ಮುಗಿದಾಗ ಗೆದ್ದುದನ್ನು ಮೆಲ್ಲನೆ ಕೆಳಗಿಳಿಸಿ ಹೋಗಬಲ್ಲವನು ಬೇಕು. ಸಾವಿರ ವರ್ಷಗಳ ಹಿಂದೆ, ತೆಲುಗು ನೆಲದ ನಡುವೆ ಕುಳಿತು ಕನ್ನಡದಲ್ಲಿ ಬರೆದ ಕವಿ ಅರಸನ ಮುಂದೆ ಇಷ್ಟನ್ನು ಹೇಳಿ ಹೋಗಿದ್ದಾನೆ. ಅದನ್ನು ಕೇಳಿಸಿಕೊಳ್ಳುವ ಹೊಣೆ ಅದೇ ಭಾಷೆಯನ್ನು ಹೊರನೆಲಗಳಲ್ಲಿ ಕಾಪಾಡಿಕೊಂಡು ಬಂದವರ ಮೇಲೆ ಹೆಚ್ಚಾಗಿದೆ.